ಡ್ಯಾಫೊಡಿಲ್: ಬರುವ ವರ್ಷದ ಹೂವಿಗೆ ಈ ವರ್ಷದ ಉಳಿತಾಯ



ಅಡುಗೆಮನೆಯ ಬುಟ್ಟಿಯಲ್ಲಿ ಇಟ್ಟ ಈರುಳ್ಳಿ ಕೆಲವೊಮ್ಮೆ ತಾನಾಗಿಯೇ ಮೊಳೆಯುವುದನ್ನು ನೀವು ನೋಡಿರುತ್ತೀರಿ. ಅದಕ್ಕೆ ಯಾರೂ ಮಣ್ಣು ಹಾಕಿಲ್ಲ, ನೀರು ಎರೆದಿಲ್ಲ, ಗೊಬ್ಬರ ಕೊಟ್ಟಿಲ್ಲ. ಆದರೂ ಹಸಿರು ಎಲೆ ಹೊರಗೆ ಇಣುಕುತ್ತದೆ. ಆ ಎಲೆ ಬೆಳೆಯಲು ಬೇಕಾದ ಆಹಾರ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ತಿಳಿಯಲು ಈರುಳ್ಳಿಯ ದೂರದ ನೆಂಟನೊಬ್ಬನನ್ನು ಪರಿಚಯ ಮಾಡಿಕೊಳ್ಳೋಣ. ಅದೇ ಡ್ಯಾಫೊಡಿಲ್. ಇದು ಯುರೋಪಿನ ಚಳಿ ದೇಶಗಳಲ್ಲಿ ವಸಂತ ಬಂತೆಂದು ಸಾರುವ ಹಳದಿ ಹೂವು. ಅಲ್ಲಿಯ ಜನ ಇದನ್ನು ತೋಟದಲ್ಲಿ ಮತ್ತು ಕುಂಡದಲ್ಲಿ ಹೇಗೆ ಬೆಳೆಸುತ್ತಾರೆ ಎಂಬುದನ್ನು ತಿಳಿದರೆ, ಗಡ್ಡೆಯಿಂದ ಬೆಳೆಯುವ ಎಲ್ಲ ಹೂಗಿಡಗಳ ಗುಟ್ಟೂ ನಮಗೆ ತಿಳಿಯುತ್ತದೆ.

ಡ್ಯಾಫೊಡಿಲ್ ಎಂದರೆ ಏನು?

ಡ್ಯಾಫೊಡಿಲ್ ನಾರ್ಸಿಸಸ್ ಎಂಬ ಸಸ್ಯಜಾತಿಗೆ ಸೇರಿದೆ. ಇದರ ಕಾಡು ಬಗೆಗಳು ಹೆಚ್ಚಾಗಿ ಕಂಡುಬರುವುದು ಸ್ಪೇನ್, ಪೋರ್ಚುಗಲ್ ಮತ್ತು ಉತ್ತರ ಆಫ್ರಿಕಾದಲ್ಲಿ. ಬ್ರಿಟನ್ನಿನ ಕಾಡು, ಹುಲ್ಲುಗಾವಲುಗಳಲ್ಲಿಯೂ ಒಂದು ಬಗೆ ತಾನಾಗಿಯೇ ಬೆಳೆಯುತ್ತದೆ. 1802ರ ಏಪ್ರಿಲ್ 15ರಂದು ವಿಲಿಯಂ ವರ್ಡ್ಸ್‌ವರ್ತ್ ಎಂಬ ಇಂಗ್ಲಿಷ್ ಕವಿ ತನ್ನ ತಂಗಿ ಡೊರೊಥಿಯೊಂದಿಗೆ ಅಲ್ಸ್‌ವಾಟರ್ ಎಂಬ ಸರೋವರದ ದಡದಲ್ಲಿ ನಡೆದು ಹೋಗುತ್ತಿದ್ದಾಗ ಕಂಡದ್ದು ಈ ಕಾಡು ಡ್ಯಾಫೊಡಿಲ್‌ಗಳನ್ನೇ. ಅವನ್ನು ಕುರಿತು ಆತ ಬರೆದ ಕವಿತೆ 1807ರಲ್ಲಿ ಅಚ್ಚಾಯಿತು. ಅಂದಿನಿಂದ ಈ ಹೂವಿನ ಹೆಸರು ಜಗತ್ತಿಗೆಲ್ಲ ಪರಿಚಯವಾಯಿತು.

ಹೂವಿನ ರಚನೆಯನ್ನು ನೋಡೋಣ. ಹೊರಗೆ ನಕ್ಷತ್ರದಂತೆ ಹರಡಿದ 6 ಎಸಳುಗಳು. ನಡುವೆ ತುತ್ತೂರಿಯ ಬಾಯಿಯಂತೆ ಮುಂದೆ ಚಾಚಿದ ಒಂದು ಬಟ್ಟಲು. ಈ ಬಟ್ಟಲಿಗೆ ಕಿರೀಟ ಎಂದು ಹೆಸರು. ಅದರೊಳಗೆ 6 ಕೇಸರಗಳು, ಮಧ್ಯದಲ್ಲಿ ಒಂದು ಶಲಾಕೆ. ಹೂವಿನ ಹಿಂಬದಿಯಲ್ಲಿ ಹಸಿರು ಗಂಟಿನಂತೆ ಕಾಣುವುದು ಅಂಡಾಶಯ. ಬೀಜಗಳು ಬೆಳೆಯುವುದು ಅಲ್ಲಿಯೇ.

ಸಸ್ಯವಿಜ್ಞಾನಿಗಳ ಇಂದಿನ ವರ್ಗೀಕರಣದಂತೆ ಡ್ಯಾಫೊಡಿಲ್, ಈರುಳ್ಳಿ, ಬೆಳ್ಳುಳ್ಳಿ ಮೂರೂ ಅಮರಿಲ್ಲಿಡೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಮೂರೂ ಏಕದಳ ಸಸ್ಯಗಳು. ಮೂರಕ್ಕೂ ನೆಲದೊಳಗೆ ಗಡ್ಡೆ ಇದೆ. ಇಂಥ ಗಡ್ಡೆಯನ್ನು ವಿಜ್ಞಾನದಲ್ಲಿ ಲಶುನ ಎನ್ನುತ್ತಾರೆ.

ಮಾಡಿ ನೋಡಿ – 1: ಲಶುನದ ಒಳಗೆ ಏನಿದೆ?

ಡ್ಯಾಫೊಡಿಲ್ ಗಡ್ಡೆ ನಮಗೆ ಸಿಗುವುದಿಲ್ಲ. ಆದರೆ ಅದರ ಒಳರಚನೆಯನ್ನು ತಿಳಿಯಲು ಈರುಳ್ಳಿ ಸಾಕು.

ಸ್ವಲ್ಪ ಮೊಳೆತ ಒಂದು ಈರುಳ್ಳಿಯನ್ನು ತೆಗೆದುಕೊಳ್ಳಿ. ದೊಡ್ಡವರ ಸಹಾಯದಿಂದ ಅದನ್ನು ಮೇಲಿನಿಂದ ಕೆಳಗೆ ಸರಿಯಾಗಿ ಎರಡು ಹೋಳು ಮಾಡಿ. ಈಗ ಗಮನಿಸಿ.

1. ಹೊರಗೆ ತೆಳುವಾದ ಒಣ ಸಿಪ್ಪೆ. ಇದು ಒಳಗಿನ ತೇವ ಆರದಂತೆ ಕಾಪಾಡುತ್ತದೆ.
2. ಒಳಗೆ ಒಂದರ ಮೇಲೊಂದು ದಪ್ಪ ಪದರಗಳು. ಇವು ಎಲೆಗಳ ಬುಡಭಾಗ. ಆಹಾರ ತುಂಬಿಕೊಂಡು ಇವು ದಪ್ಪವಾಗಿವೆ.
3. ಕೆಳಗೆ ಚಪ್ಪಟೆಯಾದ ಗಟ್ಟಿ ಬಿಲ್ಲೆ. ಇದೇ ನಿಜವಾದ ಕಾಂಡ. ಬೇರುಗಳು ಹೊರಡುವುದು ಇದರ ಕೆಳಗಿನಿಂದ.
4. ನಟ್ಟನಡುವೆ ಎಳೆಯ ಹಸಿರು ಮೊಗ್ಗು. ಮುಂದೆ ಎಲೆ, ಹೂ ಆಗುವುದು ಇದೇ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಬುಟ್ಟಿಯಲ್ಲಿದ್ದ ಈರುಳ್ಳಿ ಮೊಳೆತದ್ದು ತನ್ನ ಪದರಗಳಲ್ಲಿ ಕೂಡಿಟ್ಟಿದ್ದ ಆಹಾರದಿಂದ. ಲಶುನ ಎಂಬುದು ಗಿಡದ ಉಳಿತಾಯದ ಡಬ್ಬಿ. ಡ್ಯಾಫೊಡಿಲ್ ಗಡ್ಡೆಯನ್ನು ಸೀಳಿದರೂ ಇದೇ ನಾಲ್ಕು ಭಾಗಗಳು ಕಾಣುತ್ತವೆ.

ಹೂ ಅರಳುವ ಮೊದಲು ಚಳಿ ಬೇಕು

ಬ್ರಿಟನ್ನಿನಲ್ಲಿ ಡ್ಯಾಫೊಡಿಲ್ ಗಡ್ಡೆಯನ್ನು ನೆಡುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಗ ಅಲ್ಲಿ ಚಳಿಗಾಲ ಹತ್ತಿರ ಬರುತ್ತಿರುತ್ತದೆ. ಗಿಡ ನೆಡಲು ಇದೆಂಥ ಕಾಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಆದರೆ ಕಾರಣವಿದೆ.

ನೆಟ್ಟ ಕೂಡಲೇ ಗಡ್ಡೆ ಬೇರು ಬಿಡುತ್ತದೆ. ಮೇಲೆ ಮಾತ್ರ ಏನೂ ಕಾಣುವುದಿಲ್ಲ. ಹೂವಿನ ಮೊಗ್ಗು ಗಡ್ಡೆಯೊಳಗೆ ಆಗಲೇ ಸಿದ್ಧವಾಗಿರುತ್ತದೆ. ಆದರೆ ಹೂದಂಟು ಸರಿಯಾಗಿ ಉದ್ದವಾಗಿ ಮೇಲೆ ಬರಬೇಕಾದರೆ ಅದಕ್ಕೆ ಸುಮಾರು 12ರಿಂದ 16 ವಾರಗಳ ಚಳಿ ಬೇಕು. 9 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಅದಕ್ಕೆ ತಕ್ಕದ್ದು. ಚಳಿ ಸಾಲದೆ ಹೋದರೆ ದಂಟು ಗಿಡ್ಡವಾಗುತ್ತದೆ, ಅಥವಾ ಮೊಗ್ಗು ಒಳಗೇ ಒಣಗಿ ಹೋಗುತ್ತದೆ.

ಇದರಿಂದ ಗಿಡಕ್ಕೇನು ಲಾಭ? ಯೋಚಿಸಿ. ಚಳಿಗಾಲದ ನಡುವೆ ಎರಡು ದಿನ ಬಿಸಿಲು ಬಂದೊಡನೆ ಮೊಗ್ಗು ಅರಳಿದರೆ ಮುಂದಿನ ವಾರದ ಹಿಮಕ್ಕೆ ಸಿಕ್ಕಿ ಹಾಳಾಗುತ್ತದೆ. ಪರಾಗಸ್ಪರ್ಶ ಮಾಡುವ ದುಂಬಿಗಳೂ ಆಗ ಹೊರಗೆ ಬಂದಿರುವುದಿಲ್ಲ. ಆದ್ದರಿಂದ ಉದ್ದನೆಯ ಚಳಿ ಮುಗಿದ ಮೇಲೆಯೇ ಗಿಡ ಹೊರಗೆ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂ ಅರಳುತ್ತದೆ. ಮಾರ್ಚ್ 1 ವೇಲ್ಸ್ ನಾಡಿನ ಹಬ್ಬದ ದಿನ. ಅಂದು ಅಲ್ಲಿಯ ಜನ ತಮ್ಮ ನಾಡಿನ ಹೂವಾದ ಡ್ಯಾಫೊಡಿಲ್ಲನ್ನು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ.

ನಮ್ಮ ಕರ್ನಾಟಕದಲ್ಲಿ ಡ್ಯಾಫೊಡಿಲ್ ಏಕೆ ಬೆಳೆಯುವುದಿಲ್ಲ ಎಂಬುದು ಈಗ ತಿಳಿಯಿತಲ್ಲವೇ? ಡಿಸೆಂಬರ್ ರಾತ್ರಿಗಳಲ್ಲಿ ಬೀದರ್, ವಿಜಯಪುರಗಳಲ್ಲಿ ಉಷ್ಣತೆ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆದರೆ ಹಗಲಿನ ಬಿಸಿಲು ಮಣ್ಣನ್ನು ಮತ್ತೆ ಕಾಯಿಸಿಬಿಡುತ್ತದೆ. ಮೂರು ತಿಂಗಳು ಬಿಡದೆ ತಂಪಾಗಿರುವ ಮಣ್ಣು ನಮ್ಮಲ್ಲಿ ಇಲ್ಲ.

ತೋಟದಲ್ಲಿ ನೆಡುವ ಬಗೆ

ಗಡ್ಡೆಯ ಆಯ್ಕೆ: ಗಡ್ಡೆಯನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ, ಬೂಷ್ಟು ಹಿಡಿದಿದ್ದರೆ ಅದು ಕೊಳೆತಿದೆ ಎಂದರ್ಥ. ದೊಡ್ಡ ಗಡ್ಡೆಯಲ್ಲಿ ಉಳಿತಾಯ ಹೆಚ್ಚು. ಆದ್ದರಿಂದ ಹೂ ಚೆನ್ನಾಗಿ ಬರುತ್ತದೆ.

ಜಾಗ: ಬಿಸಿಲು ಅಥವಾ ತೆಳುವಾದ ನೆರಳು ಇರಬೇಕು. ನೀರು ನಿಲ್ಲಬಾರದು. ನೀರು ನಿಂತರೆ ಮಣ್ಣಿನ ಕಣಗಳ ನಡುವಿನ ಗಾಳಿ ಹೊರಟುಹೋಗಿ ಬೇರು ಉಸಿರಾಡಲಾಗದೆ ಗಡ್ಡೆ ಕೊಳೆಯುತ್ತದೆ.

ಆಳ: ಗಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದ ಗುಳಿ ತೋಡಬೇಕು. ಅಂದರೆ ಸುಮಾರು 10ರಿಂದ 15 ಸೆಂ.ಮೀ. ಆಳ. ಮೇಲೆಮೇಲೆ ನೆಟ್ಟರೆ ಬೇಸಿಗೆಯಲ್ಲಿ ಮಣ್ಣಿನ ಮೇಲ್ಪದರ ಒಣಗಿದಾಗ ಗಡ್ಡೆಯೂ ಸೊರಗುತ್ತದೆ.

ದಿಕ್ಕು: ಚೂಪಾದ ತುದಿ ಮೇಲೆ, ಚಪ್ಪಟೆ ಬಿಲ್ಲೆ ಕೆಳಗೆ ಇರಬೇಕು. ತಲೆಕೆಳಗಾಗಿ ನೆಟ್ಟರೂ ಮೊಳಕೆ ಬಾಗಿ ಮೇಲಕ್ಕೆ ಬರಲು ಯತ್ನಿಸುತ್ತದೆ. ಆದರೆ ಆ ಸುತ್ತುದಾರಿಗೆ ಉಳಿತಾಯದ ಒಂದಷ್ಟು ಭಾಗ ಖರ್ಚಾಗುತ್ತದೆ.

ಅಂತರ: ಎರಡು ಗಡ್ಡೆಗಳ ನಡುವೆ ಸುಮಾರು 10 ಸೆಂ.ಮೀ. ಜಾಗ ಬಿಡಬೇಕು. ವರ್ಷ ಕಳೆದಂತೆ ಪ್ರತಿ ತಾಯಿಗಡ್ಡೆಯ ಪಕ್ಕದಲ್ಲಿ ಮರಿಗಡ್ಡೆಗಳು ಹುಟ್ಟುತ್ತವೆ. ಅವುಗಳಿಗೂ ಜಾಗ ಬೇಕು.

ಬೀಜದಿಂದ ಬೆಳೆಸಲಾಗದೇ ಎಂದು ನೀವು ಕೇಳಬಹುದು. ಬೆಳೆಸಬಹುದು. ಆದರೆ ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ದುಡಿದ ಮೇಲೆಯೇ ಅದರ ಗಡ್ಡೆಯಲ್ಲಿ ಹೂವಿಗೆ ಸಾಕಾಗುವಷ್ಟು ಉಳಿತಾಯ ಕೂಡುತ್ತದೆ. ಮರಿಗಡ್ಡೆಯಿಂದ ಬೇಗ ಹೂ ಸಿಗುತ್ತದೆ. ಜೊತೆಗೆ ಆ ಹೂ ತಾಯಿಗಿಡದ ಹೂವನ್ನೇ ಹೋಲುತ್ತದೆ. ಹೊಸ ಬಣ್ಣ, ಹೊಸ ಆಕಾರದ ಹೂ ಬೇಕೆನ್ನುವವರು ಮಾತ್ರ ಬೀಜ ಬಿತ್ತಿ ಕಾಯುತ್ತಾರೆ. ಹಾಗೆ ಕಾದು ಪಡೆದ ತಳಿಗಳ ಹೆಸರುಗಳು ಇಂದು ದಾಖಲೆಯಲ್ಲಿ 30,000ಕ್ಕೂ ಹೆಚ್ಚು ಇವೆ!

ಕುಂಡದಲ್ಲಿ ಬೆಳೆಸುವ ಬಗೆ

ತೋಟವಿಲ್ಲದವರು ಕುಂಡದಲ್ಲಿ ಬೆಳೆಸುತ್ತಾರೆ. ಕುಂಡಕ್ಕೆ ಗಿಡ್ಡ ತಳಿಗಳು ಒಳ್ಳೆಯದು. 'ಟೆಟ್-ಅ-ಟೆಟ್' ಎಂಬ ತಳಿ ಒಂದು ಗೇಣಿನಷ್ಟೂ ಎತ್ತರ ಬೆಳೆಯುವುದಿಲ್ಲ. ಉದ್ದ ದಂಟಿನ ತಳಿಗಳಾದರೆ ಗಾಳಿಗೆ ಬಾಗಿ ಬೀಳುತ್ತವೆ.

ಕುಂಡದ ತಳದಲ್ಲಿ ತೂತು ಇರಲೇಬೇಕು. ಮೂರು ಪಾಲು ಗೊಬ್ಬರ ಮಣ್ಣಿಗೆ ಒಂದು ಪಾಲು ಸಣ್ಣ ಜಲ್ಲಿ ಬೆರೆಸಿದರೆ ನೀರು ಸರಾಗವಾಗಿ ಬಸಿಯುತ್ತದೆ. ತೋಟದಲ್ಲಿ ಬಿಟ್ಟಷ್ಟು ಅಂತರ ಇಲ್ಲಿ ಬೇಡ. ಒಂದು ಗಡ್ಡೆ ಇನ್ನೊಂದಕ್ಕೆ ತಾಗದಂತೆ ಇಟ್ಟರೆ ಸಾಕು. 30 ಸೆಂ.ಮೀ. ಅಗಲದ ಕುಂಡದಲ್ಲಿ ಹತ್ತು ಹನ್ನೆರಡು ಗಡ್ಡೆಗಳು ಹಿಡಿಸುತ್ತವೆ. ಕುಂಡ ಆಳವಾಗಿದ್ದರೆ ಕೆಲವರು ಎರಡು ಅಂತಸ್ತಿನಲ್ಲಿ ನೆಡುತ್ತಾರೆ. ಕೆಳಗಿನ ಗಡ್ಡೆಗಳ ಮೊಳಕೆಗಳು ಮೇಲಿನ ಗಡ್ಡೆಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಹೊರಗೆ ಬರುತ್ತವೆ.

ಕುಂಡದಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು, ಕುಂಡದ ಮಣ್ಣು ಬೇಗ ಒಣಗುತ್ತದೆ. ತೋಟದ ಗಡ್ಡೆಯ ಬೇರು ನೀರನ್ನು ಹುಡುಕಿಕೊಂಡು ಆಚೀಚೆ ಹೋಗಬಲ್ಲದು. ಕುಂಡದ ಬೇರಿಗೆ ಗೋಡೆ ಅಡ್ಡ. ಆದ್ದರಿಂದ ಎಲೆ ಹಸಿರಾಗಿರುವವರೆಗೆ ನೀರು ಎರೆಯುತ್ತಿರಬೇಕು. ಎರಡನೆಯದು, ತುಂಬಾ ಚಳಿ ಇರುವ ಕಡೆ ಕುಂಡದ ಮಣ್ಣು ಸುತ್ತಲೂ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಆಗ ಕುಂಡವನ್ನು ಮನೆಯ ಗೋಡೆಯ ಪಕ್ಕಕ್ಕೆ ಸರಿಸುತ್ತಾರೆ. ಗಡ್ಡೆಗೆ ಚಳಿ ಬೇಕು, ನಿಜ. ಆದರೆ ಬೇರು ಹೆಪ್ಪುಗಟ್ಟಬಾರದು.

ಹೂ ಬಾಡಿದ ಮೇಲೆ ಏನು ಮಾಡಬೇಕು?

ಈ ಪಾಠದ ಮುಖ್ಯ ಭಾಗ ಇದು. ಗಮನವಿಟ್ಟು ಓದಿ.

ಹೂ ಬಾಡಿದ ಮೇಲೆ ಡ್ಯಾಫೊಡಿಲ್ ಗಿಡ ನೋಡಲು ಚೆನ್ನಾಗಿರುವುದಿಲ್ಲ. ಎಲೆಗಳು ಜೋತು ಬೀಳುತ್ತವೆ, ನಿಧಾನವಾಗಿ ಹಳದಿಯಾಗುತ್ತವೆ. ತೋಟ ಅಚ್ಚುಕಟ್ಟಾಗಿ ಕಾಣಲೆಂದು ಕೆಲವರು ಎಲೆಗಳನ್ನು ಕೊಯ್ದುಬಿಡುತ್ತಾರೆ. ಇನ್ನು ಕೆಲವರು ಎಲೆಗಳನ್ನು ಮಡಚಿ ಜುಟ್ಟಿನಂತೆ ಗಂಟು ಹಾಕುತ್ತಾರೆ. ಮುಂದಿನ ವರ್ಷ ಗಿಡ ಎಲೆ ಮಾತ್ರ ಬಿಡುತ್ತದೆ. ಹೂ ಬರುವುದೇ ಇಲ್ಲ. ಏಕೆ ಗೊತ್ತೇ?

ಹೂ ಅರಳಿಸುವುದಕ್ಕೆ ಗಡ್ಡೆ ತನ್ನ ಉಳಿತಾಯವನ್ನೆಲ್ಲ ಖರ್ಚು ಮಾಡಿರುತ್ತದೆ. ಆ ಹೊತ್ತಿಗೆ ಡಬ್ಬಿ ಹೆಚ್ಚುಕಡಿಮೆ ಬರಿದಾಗಿದೆ. ಅದನ್ನು ಮತ್ತೆ ತುಂಬಬೇಕಾದವರು ಯಾರು? ಎಲೆಗಳು. ಹಸಿರು ಎಲೆ ಸೂರ್ಯನ ಬೆಳಕಿನಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆಯನ್ನು ತಯಾರಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಆ ಸಕ್ಕರೆ ಕೆಳಗಿಳಿದು ಗಡ್ಡೆಯ ಪದರಗಳಲ್ಲಿ ಪಿಷ್ಟವಾಗಿ ಕೂಡುತ್ತದೆ.

ಅಷ್ಟೇ ಅಲ್ಲ. ಮೇ ತಿಂಗಳ ಹೊತ್ತಿಗೆ, ಅಂದರೆ ಎಲೆಗಳು ಇನ್ನೂ ಪೂರ್ತಿ ಒಣಗುವ ಮೊದಲೇ, ಗಡ್ಡೆಯೊಳಗೆ ಮುಂದಿನ ವರ್ಷದ ಹೂವು ರೂಪುಗೊಳ್ಳಲು ತೊಡಗುತ್ತದೆ. ಬೇಸಿಗೆ ಕಳೆಯುವುದರೊಳಗೆ ಎಸಳು, ಕೇಸರ, ಅಂಡಾಶಯ ಎಲ್ಲವೂ ಪುಟ್ಟ ರೂಪದಲ್ಲಿ ಸಿದ್ಧವಾಗಿರುತ್ತವೆ. ಹೊರಗೆ ಗಿಡ ಸತ್ತಂತೆ ಕಾಣುವ ಈ ಸ್ಥಿತಿಗೆ ಸುಪ್ತಾವಸ್ಥೆ ಎನ್ನುತ್ತಾರೆ. ಒಳಗೆ ಮಾತ್ರ ಕೆಲಸ ನಡೆದೇ ಇರುತ್ತದೆ.

ಆದ್ದರಿಂದ ತಿಳಿದ ತೋಟಗಾರರು ಹೀಗೆ ಮಾಡುತ್ತಾರೆ.

– ಬಾಡಿದ ಹೂವನ್ನು ಮಾತ್ರ ಚಿವುಟುತ್ತಾರೆ. ಹಾಗೆ ಮಾಡಿದರೆ ಬೀಜ ಕಟ್ಟಲು ಆಹಾರ ಖರ್ಚಾಗುವುದು ತಪ್ಪುತ್ತದೆ.
– ಎಲೆಗಳನ್ನು ಕನಿಷ್ಠ 6 ವಾರ ಮುಟ್ಟುವುದಿಲ್ಲ. ಗಂಟು ಹಾಕುವುದಿಲ್ಲ. ಮಡಚಿದ ಎಲೆಗೆ ಬೆಳಕು ಸರಿಯಾಗಿ ಬೀಳುವುದಿಲ್ಲ.
– ಹುಲ್ಲಿನ ನಡುವೆ ಬೆಳೆದ ಡ್ಯಾಫೊಡಿಲ್ ಇದ್ದರೆ ಎಲೆ ಒಣಗುವವರೆಗೆ ಅಲ್ಲಿ ಹುಲ್ಲನ್ನೂ ಕತ್ತರಿಸುವುದಿಲ್ಲ.
– ಕುಂಡದ ಗಿಡಕ್ಕೆ ಈ ದಿನಗಳಲ್ಲಿ ಪೊಟ್ಯಾಶ್ ಹೆಚ್ಚಿರುವ ದ್ರವಗೊಬ್ಬರ ಕೊಡುತ್ತಾರೆ.
– ಕೆಲವು ವರ್ಷಗಳ ಮೇಲೆ ಗಡ್ಡೆಗಳು ಒತ್ತಾಗಿ ಹೂ ಕಡಿಮೆಯಾದರೆ, ಎಲೆ ಒಣಗಿದ ನಂತರ ಅಗೆದು, ಬಿಡಿಸಿ, ದೂರದೂರ ನೆಡುತ್ತಾರೆ.

ಈ ವರ್ಷದ ಹೂವು ಹೋದ ವರ್ಷದ ಎಲೆಗಳ ದುಡಿಮೆ. ಈ ವರ್ಷದ ಎಲೆಗಳ ದುಡಿಮೆ ಬರುವ ವರ್ಷದ ಹೂವು. ಈ ಮಾತನ್ನು ನೆನಪಿಟ್ಟುಕೊಂಡರೆ ಡ್ಯಾಫೊಡಿಲ್ ಬೆಳೆಸುವ ನಿಯಮಗಳೆಲ್ಲ ತಾವಾಗಿಯೇ ನೆನಪಿಗೆ ಬರುತ್ತವೆ.

ಎಚ್ಚರಿಕೆ! ಈರುಳ್ಳಿಯಂತೆ ಕಾಣುವುದೆಲ್ಲ ಈರುಳ್ಳಿಯಲ್ಲ

ಇಷ್ಟು ಕಷ್ಟಪಟ್ಟು ಕೂಡಿಟ್ಟ ಆಹಾರವನ್ನು ಇಲಿ, ಹೆಗ್ಗಣಗಳು ತಿಂದುಹೋಗದೆ ಬಿಡುತ್ತವೆಯೇ? ಡ್ಯಾಫೊಡಿಲ್ ಅದಕ್ಕೂ ಒಂದು ಉಪಾಯ ಮಾಡಿಕೊಂಡಿದೆ. ಅದರ ಎಲ್ಲ ಭಾಗಗಳಲ್ಲಿಯೂ ಲೈಕೊರಿನ್ ಎಂಬ ವಿಷವಿದೆ. ಗಡ್ಡೆಯಲ್ಲಿ ವಿಷ ಇನ್ನೂ ಹೆಚ್ಚು. ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಗಿಡದ ರಸ ತಾಗಿದರೆ ಚರ್ಮಕ್ಕೆ ತುರಿಕೆಯಾಗುತ್ತದೆ. ಹೂ ಕೊಯ್ಯುವ ಕೆಲಸಗಾರರು ಅದಕ್ಕಾಗಿ ಕೈಚೀಲ ಹಾಕಿಕೊಳ್ಳುತ್ತಾರೆ.

2009ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಶಾಲಾ ತೋಟದ ತರಕಾರಿಗಳಿಂದ ಸಾರು ಮಾಡಿದರು. ಈರುಳ್ಳಿಯೆಂದು ತಿಳಿದು ಒಂದು ಡ್ಯಾಫೊಡಿಲ್ ಗಡ್ಡೆಯೂ ಅದರಲ್ಲಿ ಸೇರಿಹೋಯಿತು. ಸಾರು ಕುಡಿದ ಹಲವು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. 2015ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಅಂಗಡಿಗಳಲ್ಲಿ ಡ್ಯಾಫೊಡಿಲ್ಲನ್ನು ತರಕಾರಿಗಳ ಹತ್ತಿರ ಇಡಬಾರದೆಂದು ಎಚ್ಚರಿಸಿದರು.

ಗುರುತಿಸುವುದು ಹೇಗೆ? ಈರುಳ್ಳಿ, ಬೆಳ್ಳುಳ್ಳಿಗಳಿಗೆ ಘಾಟು ವಾಸನೆ ಇದೆ. ಡ್ಯಾಫೊಡಿಲ್ ಗಡ್ಡೆಗೆ ಆ ವಾಸನೆ ಇಲ್ಲ. ಆದರೆ ಕೈಗೆ ಈರುಳ್ಳಿ ವಾಸನೆ ಅಂಟಿದ್ದರೆ ಮೂಗೂ ಮೋಸ ಹೋಗಬಹುದು. ಆದ್ದರಿಂದ ನಿಯಮ ಒಂದೇ. ಯಾವುದೆಂದು ಖಚಿತವಾಗಿ ಗೊತ್ತಿಲ್ಲದ ಗಡ್ಡೆಯನ್ನು ಬಾಯಿಗೆ ಹಾಕಬಾರದು. ನಮ್ಮ ಶಾಲಾ ಕೈತೋಟದಲ್ಲಿಯೂ ಹೂವಿನ ಗಡ್ಡೆಗಳನ್ನು ತರಕಾರಿ ಮಡಿಯಿಂದ ದೂರ ನೆಟ್ಟು, ಹೆಸರಿನ ಫಲಕ ಹಾಕಬೇಕು.

ನಿಮಗಿದು ಗೊತ್ತೇ?

ಡ್ಯಾಫೊಡಿಲ್‌ನಲ್ಲಿ ಗ್ಯಾಲಂಟಮಿನ್ ಎಂಬ ಇನ್ನೊಂದು ವಸ್ತುವೂ ಇದೆ. ಮುಪ್ಪಿನಲ್ಲಿ ನೆನಪಿನ ಶಕ್ತಿ ಕುಂದುವ ಅಲ್‌ಜೈಮರ್ ಕಾಯಿಲೆಗೆ ವೈದ್ಯರು ಕೊಡುವ ಔಷಧಿಗಳಲ್ಲಿ ಇದೂ ಒಂದು. ಇದಕ್ಕಾಗಿಯೇ ವೇಲ್ಸ್‌ನ ಬೆಟ್ಟದ ಹೊಲಗಳಲ್ಲಿ ಡ್ಯಾಫೊಡಿಲ್ ಬೆಳೆದಿದ್ದಾರೆ. ಈ ಔಷಧಿ ಕಾಯಿಲೆಯನ್ನು ಪೂರ್ತಿ ಗುಣಪಡಿಸುವುದಿಲ್ಲ. ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡಲು ಸಹಾಯ ಮಾಡುತ್ತದೆ. ಹಾಗೆಂದು ಯಾರೂ ಗಿಡವನ್ನು ನೇರವಾಗಿ ತಿನ್ನಬಾರದು. ಔಷಧಿಯನ್ನು ಶುದ್ಧಗೊಳಿಸಿ, ಅಳತೆ ಮಾಡಿ ಕೊಡುತ್ತಾರೆ.

ನಮ್ಮ ಅಂಗಳದಲ್ಲಿರುವ ನೆಂಟ

ಡ್ಯಾಫೊಡಿಲ್ ಇಲ್ಲದಿದ್ದರೇನು, ಅದರ ಕುಟುಂಬದ ಇನ್ನೊಂದು ಗಿಡ ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ. ಅದೇ ಮಳೆ ಲಿಲ್ಲಿ. ಹುಲ್ಲಿನಂಥ ಎಲೆ, ಸಣ್ಣ ಗಡ್ಡೆ, ಬಿಳಿ, ಗುಲಾಬಿ ಅಥವಾ ಹಳದಿ ಹೂ. ಇದರ ಮೂಲ ನಾಡು ಅಮೆರಿಕ ಖಂಡಗಳು. ಒಣಗಿದ ದಿನಗಳು ಕಳೆದು ಒಳ್ಳೆಯ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಅರಳುತ್ತದೆ. ಡ್ಯಾಫೊಡಿಲ್‌ಗೆ ಚಳಿ ಹೇಗೋ ಮಳೆ ಲಿಲ್ಲಿಗೆ ಮಳೆ ಹಾಗೆ. ಇದರ ಗಡ್ಡೆಯೂ ವಿಷ. ಮುಟ್ಟಿದ ಮೇಲೆ ಕೈ ತೊಳೆಯಲು ಮರೆಯಬೇಡಿ.

ಮಾಡಿ ನೋಡಿ – 2: ಎಲೆಯ ದುಡಿಮೆಯನ್ನು ಅಳೆಯೋಣ

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಎರಡು ಕುಂಡ ಅಥವಾ ಹಳೆಯ ಡಬ್ಬಿ (ತಳದಲ್ಲಿ ತೂತು ಇರಲಿ), ಮಣ್ಣು, ಗೊಬ್ಬರ, ಒಂದೇ ಬಗೆಯ, ಒಂದೇ ಗಾತ್ರದ 20 ಮಳೆ ಲಿಲ್ಲಿ ಗಡ್ಡೆಗಳು.

1. ಪ್ರತಿ ಕುಂಡದಲ್ಲಿ 10 ಗಡ್ಡೆಗಳನ್ನು 3–4 ಸೆಂ.ಮೀ. ಆಳದಲ್ಲಿ ನೆಡಿ. 'ಅ' ಮತ್ತು 'ಆ' ಎಂದು ಬರೆಯಿರಿ.
2. ಎರಡನ್ನೂ ಅಕ್ಕಪಕ್ಕದಲ್ಲಿ ಬಿಸಿಲಿನಲ್ಲಿ ಇಡಿ. ಎರಡಕ್ಕೂ ಒಂದೇ ಅಳತೆಯ ನೀರು ಕೊಡಿ.
3. ಮೊದಲ ಹೂಗಳು ಬಾಡಿದ ಮೇಲೆ 'ಅ' ಕುಂಡದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ. ಮತ್ತೆ ಬಂದಾಗಲೆಲ್ಲ ಕತ್ತರಿಸುತ್ತಿರಿ. 'ಆ' ಕುಂಡದ ಎಲೆಗಳನ್ನು ಹಾಗೆಯೇ ಬಿಡಿ.
4. ಮುಂದಿನ ಮಳೆಗಾಲದಲ್ಲಿ ಎರಡು ಕುಂಡಗಳಲ್ಲೂ ಬಂದ ಹೂಗಳನ್ನು ಎಣಿಸಿ, ದಿನಾಂಕದೊಂದಿಗೆ ಬರೆದಿಡಿ. ಕೊನೆಗೆ ಎರಡೆರಡು ಗಡ್ಡೆ ಅಗೆದು ಗಾತ್ರವನ್ನೂ ಹೋಲಿಸಿ.

ಮಣ್ಣು, ನೀರು, ಬಿಸಿಲು, ಗಡ್ಡೆಗಳ ಸಂಖ್ಯೆ ಎಲ್ಲವನ್ನೂ ಒಂದೇ ರೀತಿ ಇಟ್ಟು ಎಲೆಯೊಂದನ್ನು ಮಾತ್ರ ಬದಲಾಯಿಸಿದ್ದು ಏಕೆ? ಗುಂಪಿನಲ್ಲಿ ಚರ್ಚಿಸಿ. ಈ ಪ್ರಯೋಗ ಒಂದು ವರ್ಷ ತೆಗೆದುಕೊಳ್ಳುತ್ತದೆ. ಆರನೆಯ ತರಗತಿಯಲ್ಲಿ ಆರಂಭಿಸಿದರೆ ಏಳನೆಯ ತರಗತಿಯಲ್ಲಿ ಫಲಿತಾಂಶ ನಿಮ್ಮ ಕೈಯಲ್ಲಿರುತ್ತದೆ.

ಹೊಸ ಪದಗಳು

ಲಶುನ: ಎಲೆಯ ಬುಡಭಾಗಗಳಲ್ಲಿ ಆಹಾರ ಸಂಗ್ರಹಿಸಿಡುವ ಗಡ್ಡೆ.
ಸುಪ್ತಾವಸ್ಥೆ: ಹೊರಗೆ ಬೆಳವಣಿಗೆ ಕಾಣದ, ಗಿಡದ ವಿಶ್ರಾಂತಿಯ ಸ್ಥಿತಿ.
ಪಿಷ್ಟ: ಸಸ್ಯಗಳು ಸಕ್ಕರೆಯನ್ನು ಕೂಡಿಡುವ ರೂಪ.

ಯೋಚಿಸಿ ಉತ್ತರಿಸಿ

1. ಈರುಳ್ಳಿಯಲ್ಲಿ ನಾವು ತಿನ್ನುವ ಭಾಗ ಬೇರೇ, ಕಾಂಡವೇ, ಎಲೆಯೇ?
2. ಬಾಡಿದ ಹೂವನ್ನು ಚಿವುಟಬಹುದು, ಎಲೆಯನ್ನು ಕತ್ತರಿಸಬಾರದು. ಏಕೆ?
3. ಬೆಂಗಳೂರಿನ ಒಬ್ಬರಿಗೆ ಡ್ಯಾಫೊಡಿಲ್ ಗಡ್ಡೆ ಸಿಕ್ಕಿತು. ಕುಂಡದಲ್ಲಿ ನೆಟ್ಟರು. ಎಲೆ ಬಂತು, ಹೂ ಬರಲಿಲ್ಲ. ಕಾರಣ ಏನಿರಬಹುದು? ತಂಪುಪೆಟ್ಟಿಗೆ ಇದ್ದಿದ್ದರೆ ಅವರು ಮೊದಲೇ ಏನು ಮಾಡಬಹುದಿತ್ತು?
4. ಆಲೂಗಡ್ಡೆ, ಗೆಣಸು, ಶುಂಠಿ, ಸುಗಂಧರಾಜ – ಇವು ಆಹಾರವನ್ನು ಯಾವ ಭಾಗದಲ್ಲಿ ಕೂಡಿಡುತ್ತವೆ? ಶಿಕ್ಷಕರ ಸಹಾಯದಿಂದ ಪಟ್ಟಿ ಮಾಡಿ.